ಒಂಬತ್ತು ಕೈಗಳ ಬಾಳೆಹಣ್ಣು

ತನಗೆ ನಷ್ಟ ಮಾಡಿಕೊಂಡು ಇನ್ನೊಂದು ಜೀವಕ್ಕೆ ನೆರವಾಗುವ ಗುಣ ವಿಕಾಸದ ಹಾದಿಯಲ್ಲಿ ಅಳಿಯದೆ ಹೇಗೆ ಉಳಿಯಿತು ಎಂಬ ಪ್ರಶ್ನೆ ಡಾರ್ವಿನ್ ಕಾಲದಿಂದಲೂ ವಿಜ್ಞಾನಿಗಳನ್ನು ಕಾಡಿದೆ. ಅವರು ಜೇನುಗೂಡು, ಬಾವಲಿಯ ಪೊಟರೆಗಳಲ್ಲೆಲ್ಲ ಉತ್ತರ ಹುಡುಕಿದರೇ ಹೊರತು, ನಾಯಕರ ಹುಟ್ಟುಹಬ್ಬದ ದಿನ ಮಲೆನಾಡಿನ ತಾಲ್ಲೂಕು ಆಸ್ಪತ್ರೆಯೊಂದಕ್ಕೆ ಬಂದು ನಿಲ್ಲಲಿಲ್ಲ. ಬಂದಿದ್ದರೆ ಪರೋಪಕಾರ ಈಗ ಯಾವ ಎತ್ತರ ಮುಟ್ಟಿದೆಯೆಂಬುದು ಅವರಿಗೆ ತಿಳಿಯುತ್ತಿತ್ತು.

ಈ ಮಳೆಗಾಲದ ಹಣ್ಣು ವಿತರಣೆಯನ್ನೇ ನೋಡಿ. ಜ್ವರದಿಂದ ಮಲಗಿದ್ದ ಅಜ್ಜನೊಬ್ಬನನ್ನು ದಿಂಬಿಗೆ ಒರಗಿಸಿ ಕೂರಿಸಲಾಯಿತು. ಡ್ರಿಪ್ ಹಾಕಿದ ಕೈ ಫೋಟೊದಲ್ಲಿ ಕಾಣಲೆಂದು ಕಂಬಳಿಯನ್ನು ಸರಿಸಲಾಯಿತು. ಎರಡು ಪುಟ್ಟಬಾಳೆ ಹಣ್ಣು, ಒಂದು ಬ್ರೆಡ್ ಪೊಟ್ಟಣ ಇದ್ದ ಕವರನ್ನು ಒಂಬತ್ತು ಕೈಗಳು ಹಿಡಿದುಕೊಂಡವು. ಅಜ್ಜ ಹಣ್ಣು ಸುಲಿಯಲು ತೊಡಗಿದ್ದಾಗ ಫೋಟೊ ಮಸುಕಾಗಿ ಬಂದಿದೆಯೆಂದು ತಿಳಿದು, ಕವರನ್ನು ಅವನಿಂದ ಮರಳಿ ಪಡೆದು ಇನ್ನೊಮ್ಮೆ ದಾನ ಮಾಡಲಾಯಿತು.

ಕೋಸ್ಟರಿಕದ ರಕ್ತ ಹೀರುವ ಬಾವಲಿಗಳಿಗೆ ಇಷ್ಟು ನಾಜೂಕು ಗೊತ್ತಿಲ್ಲ. ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸತ್ತೇ ಹೋಗುವ ಈ ಪ್ರಾಣಿಗಳಲ್ಲಿ, ಹೊಟ್ಟೆ ತುಂಬಿದ ಬಾವಲಿಯು ಹಸಿದು ಬಂದ ಜೊತೆಗಾತಿಯ ಬಾಯಿಗೆ ತಾನು ಕುಡಿದ ರಕ್ತವನ್ನೇ ಕಕ್ಕಿ ಕೊಡುತ್ತದೆ, ಅದರಲ್ಲೂ ಹಿಂದೆ ತನಗೆ ಕೊಟ್ಟವಳಿಗೆ ಹೆಚ್ಚಾಗಿ ಕೊಡುತ್ತದೆ ಎಂದು ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ಪ್ರಕಟಿಸಿದರು. ಪೊಟರೆಯ ಕತ್ತಲಲ್ಲಿ ನಡೆಯುವ ಈ ವಿತರಣೆಗೆ ಉದ್ಘಾಟಕರಿಲ್ಲ, ವಂದನಾರ್ಪಣೆಯೂ ಇಲ್ಲ. ಇದಕ್ಕೆ ಬೇಕಾದ ಸಿದ್ಧಾಂತವನ್ನು ರಾಬರ್ಟ್ ಟ್ರೈವರ್ಸ್ 1971ರಲ್ಲೇ ಬರೆದಿಟ್ಟಿದ್ದರು. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು, ನಾಳೆ ನನ್ನ ಗದ್ದೆಗೆ ನೀವು ಎಂದು ಮುಯ್ಯಾಳು ಲೆಕ್ಕದಲ್ಲಿ ಕೆಸರಿಗಿಳಿಯುತ್ತಿದ್ದ ನಮ್ಮ ಹಿರಿಯರು ಅದನ್ನು ಬರೆಯದೆಯೇ ಪಾಲಿಸುತ್ತಿದ್ದರು. ಬೆನ್ನು ಬಗ್ಗಿಸಿ ಸಸಿ ನೆಡುವವರ ಮುಖ ಫೋಟೊಕ್ಕೆ ಸಿಗುವುದಿಲ್ಲವೆಂಬುದೇ ಆ ಪದ್ಧತಿಯ ದೋಷ.

ಮರುದಿನ ಬಸ್ ನಿಲ್ದಾಣದೆದುರು ಎದ್ದ ಫ್ಲೆಕ್ಸ್‌ನಲ್ಲಿ ಆ ದೋಷ ಪರಿಹಾರವಾಗಿತ್ತು. ರಕ್ತಸಂಬಂಧ ಹತ್ತಿರವಾದಷ್ಟೂ ತ್ಯಾಗ ವಿಕಾಸಕ್ಕೆ ಲಾಭಕರವೆಂದು ವಿಲಿಯಂ ಹ್ಯಾಮಿಲ್ಟನ್ 1964ರಲ್ಲಿ ಸೂತ್ರ ಕೊಟ್ಟರಷ್ಟೆ; ನಾವು ಹಂಚಿಕೊಂಡಿರುವ ವಂಶವಾಹಿ ಒಡಹುಟ್ಟಿದವರೊಂದಿಗೆ ಅರ್ಧ, ಚಿಕ್ಕಪ್ಪನ ಮಕ್ಕಳೊಂದಿಗೆ ಎಂಟನೆಯ ಒಂದು ಪಾಲು. ಫ್ಲೆಕ್ಸ್ ಮುದ್ರಿಸಿದವನು ಈ ಸೂತ್ರವನ್ನು ಬಹುಮಟ್ಟಿಗೆ ಪಾಲಿಸಿದ್ದ: ತಮ್ಮನ ಮುಖ ನಾಯಕರ ಮುಖದ ಅರ್ಧದಷ್ಟಿತ್ತು, ಚಿಕ್ಕಪ್ಪನ ಮಗನದು ಅಂಚೆಚೀಟಿಯಷ್ಟಿತ್ತು. ವಂಶವಾಹಿಯ ಲೆಕ್ಕದಲ್ಲಿ ಸೊನ್ನೆಯಾಗಬೇಕಾದ ಭಾವಮೈದುನ ಮಾತ್ರ ತಮ್ಮನಿಗಿಂತ ದೊಡ್ಡದಾಗಿ ನಗುತ್ತಿದ್ದ. ಹ್ಯಾಮಿಲ್ಟನ್ ಅವರಿಗೆ ಭಾವಮೈದುನರ ಅನುಭವ ಸಾಲದಾಗಿತ್ತೆಂದು ತೋರುತ್ತದೆ. ಅಜ್ಜನ ಮುಖವಂತೂ ಯಾರದೋ ಮೊಣಕೈಯ ಹಿಂದೆ ಮರೆಯಾಗಿತ್ತು.

ಪಕ್ಷಿತಜ್ಞ ಅಮೋಟ್ಸ್ ಜಹಾವಿ ಬದುಕಿದ್ದರೆ ಮಾತ್ರ ಇದನ್ನು ಕಂಡು ಬೆರಗಾಗುತ್ತಿರಲಿಲ್ಲ. ಇಸ್ರೇಲಿನ ಮರುಭೂಮಿಯ ಹರಟೆಮಲ್ಲ ಹಕ್ಕಿಗಳು ಕಾವಲು ಕೂರಲು ಮತ್ತು ಇತರರಿಗೆ ಉಣಿಸಲು ಪೈಪೋಟಿ ನಡೆಸುವುದು ತಮ್ಮ ಅಂತಸ್ತನ್ನು ತೋರಿಸಿಕೊಳ್ಳಲೆಂದು ಅವರು ವಾದಿಸಿದ್ದರು. ಕೆಳಗಿನ ಅಂತಸ್ತಿನ ಹಕ್ಕಿ ಮೇಲಿನ ಅಂತಸ್ತಿನದಕ್ಕೆ ಉಣಿಸಹೋದರೆ ಕುಕ್ಕಿಸಿಕೊಳ್ಳುತ್ತದೆಯಂತೆ. ಎಲ್ಲ ತಜ್ಞರೂ ಇದನ್ನು ಒಪ್ಪಿಲ್ಲ. ಆದರೆ ನಾಯಕರು ಬರುವ ಮುನ್ನವೇ ಬುಟ್ಟಿಗೆ ಕೈಹಾಕಿ ಎರಡು ಹಾಸಿಗೆಗಳಿಗೆ ಹಣ್ಣು ಹಂಚಿಬಿಟ್ಟ ನಮ್ಮ ಯುವ ಘಟಕದ ಪದಾಧಿಕಾರಿಗೆ ವಾರ್ಡಿನಲ್ಲೇ ಆದ ಮಂಗಳಾರತಿಯನ್ನು ನೋಡಿದ್ದರೆ ಒಪ್ಪುತ್ತಿದ್ದರೇನೋ.

ಜಹಾವಿ 1975ರಲ್ಲಿ ಇನ್ನೊಂದು ಮಾತನ್ನೂ ಹೇಳಿದ್ದರು: ತೋರಿಕೆಯನ್ನು ಇತರರು ನಂಬಬೇಕಾದರೆ ಅದು ತೋರಿಸುವವನಿಗೆ ದುಬಾರಿಯಾಗಿರಬೇಕು. ನಮ್ಮ ವಿಕಾಸ ಇಲ್ಲಿಯೇ ಹಕ್ಕಿಗಳನ್ನು ಹಿಂದೆ ಹಾಕಿದೆ. ಹಣ್ಣಿನ ಹಣವನ್ನೂ, ಅದಕ್ಕಿಂತ ಎಷ್ಟೋ ಹೆಚ್ಚಾದ ಫ್ಲೆಕ್ಸ್‌ನ ಹಣವನ್ನೂ ಕೊಟ್ಟವರು ಅದೇ ಆಸ್ಪತ್ರೆಯ ಕಾಂಪೌಂಡ್ ಕಟ್ಟುತ್ತಿರುವ ಗುತ್ತಿಗೆದಾರರು; ಅವರು ಅದನ್ನು ಸಿಮೆಂಟಿನಲ್ಲಿ ವಸೂಲು ಮಾಡಿಕೊಳ್ಳುತ್ತಾರೆ; ಗೋಡೆ ಬಿದ್ದರೆ ಮತ್ತೆ ಕಟ್ಟಿಸಲು ತೆರಿಗೆದಾರರಿದ್ದಾರೆ. ಹೀಗೆ ದಾನಿಗೆ ನಯಾಪೈಸೆ ಖರ್ಚಿಲ್ಲದ ತ್ಯಾಗವೊಂದು ಜೀವಜಗತ್ತಿನಲ್ಲಿ ಬಹುಶಃ ಮೊದಲ ಬಾರಿಗೆ ಕಾಣಿಸಿಕೊಂಡಿದೆ.

ಫೋಟೊ ಇಲ್ಲದೆ ಹಣ್ಣು ಕೊಡಲು ಬರುವುದಿಲ್ಲವೇ ಎಂದು ಸಂಘಟಕರೊಬ್ಬರನ್ನು ಕೇಳಿದೆ. “ಕೊಟ್ಟಿದ್ದು ಗೊತ್ತಾಗುವುದು ಹೇಗೆ ಮಾರಾಯ್ರೆ?” ಎಂದರು. ತಿಂದವರಿಗೆ ಗೊತ್ತಾಗುತ್ತದಲ್ಲ ಎಂದೆ. ಅವರು ನನ್ನತ್ತ ಕನಿಕರದಿಂದ ನೋಡಿದರು. ಮತ್ತೆ ಮತ್ತೆ ಎದುರಾಗುವ ಸಂಭವವಿದ್ದಲ್ಲಿ ಮಾತ್ರ ಸಹಕಾರ ನೆಲೆಗೊಳ್ಳುತ್ತದೆಂದು ರಾಬರ್ಟ್ ಆಕ್ಸೆಲ್‌ರಾಡ್ ಮತ್ತು ಅದೇ ಹ್ಯಾಮಿಲ್ಟನ್ 1981ರಲ್ಲಿ ಗಣಿತ ಹಾಕಿ ತೋರಿಸಿದ್ದನ್ನು ಅವರು ಓದಿರಲಾರರು, ಆದರೆ ಅರಗಿಸಿಕೊಂಡಿದ್ದಾರೆ. ಆ ಅಜ್ಜನ ಓಟು ಪಕ್ಕದ ತಾಲ್ಲೂಕಿನದೆಂದು ಆಮೇಲೆ ಗೊತ್ತಾಯಿತಂತೆ. ಮುಂದಿನ ಹುಟ್ಟುಹಬ್ಬದಿಂದ ವೋಟರ್ ಐಡಿ ನೋಡಿಯೇ ಬಾಳೆಹಣ್ಣು ಕೊಡುವುದೆಂದು ಸಮಿತಿ ತೀರ್ಮಾನಿಸಿದೆ.