ಎರಡು ಕಾರ್ಡ್ ಕೊಳ್ಳುವ ಮುನ್ನ ಪವರ್ ಸಪ್ಲೈ ಮೇಲಿನ ಚೀಟಿ ಓದಿ

ಅಕ್ಕನ ಮಗ ತುಮಕೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ವಾರ ಫೋನ್ ಮಾಡಿ, "ಮಾಮ, ಹಳೆಯ ಜಿಟಿಎಕ್ಸ್ 1080 ಟಿಐ ಗ್ರಾಫಿಕ್ಸ್ ಕಾರ್ಡ್ ಎರಡು ಒಟ್ಟಿಗೆ ಸಿಗುತ್ತಿವೆ. ಎರಡನ್ನೂ ಹಾಕಿದರೆ ಗೇಮ್ ಎರಡು ಪಟ್ಟು ವೇಗವಾಗಿ ಓಡುತ್ತದೆ ಅಲ್ಲವೇ?" ಎಂದು ಕೇಳಿದ. ಕೊಳ್ಳಬೇಡ ಎಂದುಬಿಟ್ಟೆ. ಅವನ ದನಿ ಸಪ್ಪೆಯಾಯಿತು. ಕಾರಣ ಹೇಳದೆ ಬೇಡ ಎನ್ನುವುದು ನನಗೂ ಸರಿ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಪರದೆಯ ಮೇಲೆ ಗೇಮಿನ ಚಿತ್ರ ಬಿಡಿಸುವ ಈ ಕಾರ್ಡನ್ನು ಜೋಡಿಯಾಗಿ ಹಾಕುವ ಆಸೆ ನನಗೂ ಇತ್ತು. 2015ರಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಜಿಟಿಎಕ್ಸ್ 970 ಎರಡು ತಂದೆ. ಕಂಪ್ಯೂಟರಿನ ಭಾಗಗಳಿಗೆಲ್ಲ ವಿದ್ಯುತ್ ಹಂಚುವ ಪವರ್ ಸಪ್ಲೈ ಕೊಳ್ಳುವ ಹೊತ್ತಿಗೆ ಜೇಬು ಬರಿದಾಗಿತ್ತು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ 600 ವ್ಯಾಟ್ ಎಂದಿದ್ದ ಅಗ್ಗದ್ದೊಂದನ್ನು ಎತ್ತಿಕೊಂಡೆ. ಒಂದು ಕಾರ್ಡ್‌ಗೆ 145 ವ್ಯಾಟ್, ಎರಡಕ್ಕೆ 290, ಪ್ರೊಸೆಸರ್‌ಗೆ 88, ಫ್ಯಾನು, ಡಿಸ್ಕು, ಮದರ್‌ಬೋರ್ಡಿಗೆಲ್ಲ ಸೇರಿ ಇನ್ನೊಂದು 50. ಒಟ್ಟು 430ರ ಆಸುಪಾಸು. 600 ಧಾರಾಳವಾಯಿತು ಎಂದುಕೊಂಡೆ. ಮನೆಗೆ ಬಂದು ಜೋಡಿಸಿದೆ, ವಿಂಡೋಸ್ ಬಂತು, ಗೇಮ್ ತೆರೆದೆ. ಮೊದಲ ದೃಶ್ಯ ಮೂಡುತ್ತಿದ್ದಂತೆ ಟಕ್ ಎಂದು ಎಲ್ಲವೂ ಆರಿಹೋಯಿತು.

ಮೂರು ದಿನ ಡ್ರೈವರ್ ಬದಲಾಯಿಸಿದೆ, ಮೆಮೊರಿ ಕಡ್ಡಿಗಳನ್ನು ಕಿತ್ತು ಒರೆಸಿ ಹಾಕಿದೆ. ನಾಲ್ಕನೆಯ ದಿನ ಪವರ್ ಸಪ್ಲೈ ಬಿಚ್ಚಿದೆ. ಖಾಲಿ ಡಬ್ಬದಷ್ಟು ಹಗುರ. ಅದರ ಮಗ್ಗುಲಿಗೆ ಅಂಟಿಸಿದ್ದ ಚೀಟಿಯನ್ನು ಆಗ ಮೊದಲ ಬಾರಿ ಓದಿದೆ. 12 ವೋಲ್ಟ್ ಎಂಬ ಅಂಕಣದ ಕೆಳಗೆ 28 ಆಂಪಿಯರ್ ಎಂದಿತ್ತು. ಗುಣಿಸಿದರೆ 336 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಮತ್ತು ಪ್ರೊಸೆಸರ್ ಹೆಚ್ಚುಕಡಿಮೆ ಪೂರ್ತಿ ನಡೆಯುವುದೇ ಈ 12 ವೋಲ್ಟ್‌ನ ಮೇಲೆ. ಉಳಿದದ್ದನ್ನು 5 ಮತ್ತು 3.3 ವೋಲ್ಟ್‌ಗಳ ಹೆಸರಿನಲ್ಲಿ ಕೂಡಿಸಿ ಪೆಟ್ಟಿಗೆಯ ಮೇಲೆ 600 ಮಾಡಿದ್ದರು. ಇದನ್ನು ಮೋಸ ಎಂದೇ ನಾನು ಕರೆಯುತ್ತೇನೆ.

ಇನ್ನೂ ಒಂದು ಕಂಡಿತು. ನನ್ನ ಒಂದೊಂದು ಕಾರ್ಡಿಗೂ ಆರು ಪಿನ್ನಿನ ಪ್ಲಗ್ ಎರಡೆರಡು ಬೇಕಿತ್ತು. ಸಪ್ಲೈಯಲ್ಲಿ ಇದ್ದದ್ದೇ ಎರಡು. ಉಳಿದೆರಡಕ್ಕೆ ಅಂಗಡಿಯಲ್ಲಿ ಕೊಟ್ಟ, ಮೊಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ನಿನ ಪ್ಲಗ್‌ನ ಪರಿವರ್ತಕಗಳನ್ನು ಸಿಕ್ಕಿಸಿದ್ದೆ. ಅವುಗಳಲ್ಲೊಂದರ ಬಿಳಿ ಪ್ಲಾಸ್ಟಿಕ್ ಬಾಯಿ ಕಂದು ಬಣ್ಣಕ್ಕೆ ತಿರುಗಿತ್ತು, ಕರಟಿದ ವಾಸನೆ ಬರುತ್ತಿತ್ತು. ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿದ್ದರು. ಆ ಕಂದು ಕಲೆಯನ್ನು ನಾನು ಮರೆತಿಲ್ಲ.

ಆದ್ದರಿಂದ ಪ್ಲಗ್‌ಗಳ ಲೆಕ್ಕ ಎಲ್ಲರಿಗೂ ತಿಳಿದಿರಲಿ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್, ಆರು ಪಿನ್ನಿನದು 75, ಎಂಟು ಪಿನ್ನಿನದು 150. ಡಿಸ್ಕ್‌ಗೆ ಹಾಕುವ ಸಾಟಾ ಪ್ಲಗ್ 12 ವೋಲ್ಟ್‌ನಲ್ಲಿ ತಾಳುವುದು 54 ವ್ಯಾಟ್ ಮಾತ್ರ. ಅದನ್ನು ಕಾರ್ಡಿನ ಪ್ಲಗ್ ಆಗಿ ಪರಿವರ್ತಿಸುವ ವೈರನ್ನು ಯಾರು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡಿ. ಸಪ್ಲೈಯಿಂದಲೇ ಹೊರಡುವ ಬೇರೆಬೇರೆ ಕೇಬಲ್‌ಗಳನ್ನು ಕಾರ್ಡಿಗೆ ಕೊಡಿ.

ಆಮೇಲೆ ಸಾಲ ಮಾಡಿ ಒಳ್ಳೆಯ ಸಪ್ಲೈ ತಂದೆ. ಕಂಪ್ಯೂಟರ್ ಮತ್ತೆ ಆರಲಿಲ್ಲ. ಆದರೆ ಆಟ ಎರಡು ಪಟ್ಟಾಯಿತೇ? ಇಲ್ಲ. ಒಂದು ಕಾರ್ಡ್ ಒಂದು ಫ್ರೇಮ್, ಅಂದರೆ ಒಂದು ಚಿತ್ರ, ಬಿಡಿಸಿದರೆ ಮುಂದಿನದನ್ನು ಇನ್ನೊಂದು ಬಿಡಿಸುತ್ತದೆ. ಎರಡರ ನಡುವಿನ ಅಂತರ ಏರುಪೇರಾದರೆ, ಪರದೆಯ ಮೂಲೆಯ ಅಂಕಿ ಸೆಕೆಂಡಿಗೆ 80 ಫ್ರೇಮ್ ಎಂದು ತೋರಿಸುತ್ತಿದ್ದರೂ ಕಣ್ಣಿಗೆ ತಡವರಿಸಿದಂತೆ ಕಾಣುತ್ತದೆ. ನಾಲ್ಕು ಜಿಬಿ ಮೆಮೊರಿಯ ಎರಡು ಕಾರ್ಡ್ ಸೇರಿ ಎಂಟು ಜಿಬಿಯೂ ಆಗುವುದಿಲ್ಲ, ಏಕೆಂದರೆ ಒಂದೇ ಸರಕು ಎರಡರಲ್ಲೂ ತುಂಬಿರುತ್ತದೆ.

1998ರಲ್ಲಿ 3ಡಿಎಫ್ಎಕ್ಸ್ ಕಂಪನಿಯ ವೂಡೂ2 ಕಾರ್ಡ್‌ಗಳಿಂದ ಶುರುವಾದ ಈ ಜೋಡಿ ಪದ್ಧತಿಗೆ 2004ರಲ್ಲಿ ಎನ್‌ವಿಡಿಯಾ ಕಂಪನಿ ಎಸ್‌ಎಲ್‌ಐ ಎಂಬ ಹೆಸರಿನಲ್ಲಿ ಮರುಜೀವ ಕೊಟ್ಟಿತು. ಅದೇ ಎನ್‌ವಿಡಿಯಾ 2021ರ ಜನವರಿ 1ರಿಂದ ಹಳೆಯ ಕಾರ್ಡ್‌ಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್, ಅಂದರೆ ಒಂದೊಂದು ಗೇಮನ್ನು ಎರಡು ಕಾರ್ಡ್‌ಗೆ ಹಂಚುವ ಸೂಚನೆ, ಕೊಡುವುದನ್ನು ನಿಲ್ಲಿಸಿತು. ಹೊಸ ಗೇಮ್‌ಗಳು ಹಿಂದಿನ ಫ್ರೇಮ್ ನೋಡಿಕೊಂಡು ಮುಂದಿನದನ್ನು ತಿದ್ದುತ್ತವೆ. ಹೀಗಿರುವಾಗ ಎರಡನೆಯ ಕಾರ್ಡ್ ಮೊದಲನೆಯದಕ್ಕಾಗಿ ಕಾಯುತ್ತಲೇ ಇರಬೇಕಾಗುತ್ತದೆ.

ಹುಡುಗ ನೋಡಿದ್ದ 1080 ಟಿಐ ಒಂದಕ್ಕೇ 250 ವ್ಯಾಟ್, ಎರಡಕ್ಕೆ 500. ಅವನ ಬೋರ್ಡಿನ ಎರಡನೆಯ ಸ್ಲಾಟ್‌ನಲ್ಲಿ ಇರುವುದು ನಾಲ್ಕೇ ಲೇನ್ (ಮಾಹಿತಿ ಸಾಗುವ ದಾರಿ), ಎಸ್‌ಎಲ್‌ಐಗೆ ಎಂಟು ಬೇಕು. 200 ವ್ಯಾಟ್‌ನ ಒಂದೇ ಒಂದು ಆರ್‌ಟಿಎಕ್ಸ್ 4070 ಇಷ್ಟು ಗೋಳಿಲ್ಲದೆ ಹೆಚ್ಚಿನ ಸುಖ ಕೊಡುತ್ತದೆ.

ಬ್ಲೆಂಡರ್ ಎಂಬ ತಂತ್ರಾಂಶದಲ್ಲಿ ಅನಿಮೇಷನ್ ಮಾಡುವವರಿಗೆ, ಮನೆಯಲ್ಲೇ ಭಾಷಾ ಮಾದರಿಗಳನ್ನು ಓಡಿಸುವವರಿಗೆ ಎರಡು ಕಾರ್ಡ್ ಇಂದಿಗೂ ಅರ್ಥಪೂರ್ಣ. ಆದರೆ ಆರ್‌ಟಿಎಕ್ಸ್ 3090 ಎರಡು ಹಾಕಿದರೆ ಅವಕ್ಕೇ 700 ವ್ಯಾಟ್, ಕ್ಷಣಮಾತ್ರದ ಜಿಗಿತಗಳು ಅದಕ್ಕಿಂತ ಮೇಲೆ. 1200 ವ್ಯಾಟ್‌ಗೆ ಕಡಿಮೆಯ ಸಪ್ಲೈ ಬೇಡ. ನಮ್ಮ ಮನೆಗಳ 6 ಆಂಪಿಯರ್ ಸಾಕೆಟ್ ತಾಳುವುದು ಸುಮಾರು 1380 ವ್ಯಾಟ್, ಇಂಥ ಸಪ್ಲೈಗೆ ಅದು ತೀರಾ ಅಂಚು, ಹಾಗಾಗಿ ಗೀಸರ್‌ಗೆ ಬಳಸುವಂಥ 16 ಆಂಪಿಯರ್ ಸಾಕೆಟ್ ಹಾಕಿಸಿ. ಮೇಜಿನ ಕೆಳಗಿನ 600 ವಿಎ ಯುಪಿಎಸ್ ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ಕರೆಂಟ್ ಹೋದ ಕೂಡಲೇ ಅದೂ ಕೈಚೆಲ್ಲುತ್ತದೆ.

ನಿನ್ನೆ ರಾತ್ರಿ ಅಳಿಯ ಒಂದು ಫೋಟೊ ಕಳುಹಿಸಿದ್ದ. ಕಾರ್ಡಿನದಲ್ಲ, ಅಂಗಡಿಯಲ್ಲಿ ನೋಡಿದ 650 ವ್ಯಾಟ್ ಸಪ್ಲೈಯ ಮಗ್ಗುಲ ಚೀಟಿಯದು. 12 ವೋಲ್ಟ್, 54 ಆಂಪಿಯರ್. ಕೆಳಗೆ ತಾನೇ ಗುಣಿಸಿ ಬರೆದಿದ್ದ: "648, ಸರಿ ಇದೆಯೇ ಮಾಮ?"