ಅಬ್ದುಲ್ ಹಮೀದ್ ಎದೆಗೆ ಬಾಂಬ್ ಕಟ್ಟಿಕೊಂಡಿರಲಿಲ್ಲ

ನಿನ್ನೆಯಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆದೇ ಬಿಡುತ್ತೇನೆ.

ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣಕ್ಕೆ ತಂಗಿ ಮಗಳ ಶಾಲೆಗೆ ಹೋಗಿದ್ದೆ. ಧ್ವಜ ಏರಿತು, ಹಾಡಾಯಿತು, ಭಾಷಣ ಶುರುವಾಯಿತು. ಏಳನೇ ಕ್ಲಾಸಿನ ಒಬ್ಬ ಹುಡುಗ 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಮಡಿದ ಪರಮವೀರ ಅಬ್ದುಲ್ ಹಮೀದ್ ಬಗ್ಗೆ ಮಾತಾಡಿದ. ಒಳ್ಳೆ ಗಂಟಲು, ಒಂದು ಕಡೆಯೂ ತಡವರಿಸಲಿಲ್ಲ. ಕೊನೆಗೆ, "ಎದೆಗೆ ಬಾಂಬ್ ಕಟ್ಟಿಕೊಂಡು ಶತ್ರುವಿನ ಟ್ಯಾಂಕಿನ ಕೆಳಗೆ ಮಲಗಿದರು" ಅಂದ. ಚಪ್ಪಾಳೆಯೋ ಚಪ್ಪಾಳೆ. ನನಗೆ ಕೈ ತಟ್ಟಲು ಆಗಲಿಲ್ಲ.

ಹುಡುಗನದೇನೂ ತಪ್ಪಿಲ್ಲ. ಬರೆದುಕೊಟ್ಟ ಸರ್ ಹತ್ತಿರ ಹೋಗಿ, "ಸರ್, ಅದು ಹಂಗಾಗಿಲ್ರಿ" ಅಂದೆ. "ಇರ್ಲಿ ಬಿಡ್ರಿ ಅಣ್ಣಾರ, ಹುಡುಗರಿಗಿ ಜೋಶ್ ಬರಬೇಕಲ್ರಿ" ಅಂದರು.

ಜೋಶ್ ಬರಬೇಕು ಅಂದರೆ ಸುಳ್ಳೇ ಬೇಕಾ? ನಿಜವಾಗಿ ನಡೆದದ್ದರಲ್ಲಿ ಜೋಶ್ ಕಡಿಮೆ ಇದೆಯಾ?

ನಡೆದದ್ದು ಹೇಳುತ್ತೇನೆ. 1965ರ ಸೆಪ್ಟೆಂಬರ್ 10, ಬೆಳಿಗ್ಗೆ ಸುಮಾರು ಎಂಟು ಗಂಟೆ. ಪಂಜಾಬಿನ ಖೇಮಕರಣ್ ಕಡೆ, ಚೀಮಾ ಅನ್ನುವ ಹಳ್ಳಿಯ ಮುಂದೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿ ಬಂದವು. ಒಂದೊಂದೂ 40 ಟನ್ನಿಗಿಂತ ಜಾಸ್ತಿ ಭಾರ. ಎದುರಿಗೆ ಇದ್ದದ್ದು 4 ಗ್ರೆನೇಡಿಯರ್ಸ್ ಅನ್ನುವ ಕಾಲಾಳು ಪಡೆ. ಅದರಲ್ಲಿ ಹಮೀದ್ ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಅಂದರೆ ಕಂಪನಿಯ ಸಾಮಾನು ಸರಂಜಾಮು ನೋಡಿಕೊಳ್ಳುವ ಹುದ್ದೆ. ಆದರೆ ಅವತ್ತು ಅವರ ಕೈಯಲ್ಲಿದ್ದದ್ದು ಆರ್‌ಸಿಎಲ್ ಗನ್, ಅಂದರೆ ಟ್ಯಾಂಕ್ ಹೊಡೆಯುವ ರಿಕಾಯಿಲ್‌ಲೆಸ್ ಗನ್, ಜೀಪಿನ ಮೇಲೆ ಕೂರಿಸಿದ್ದು.

ಈ ಗನ್ ಬಗ್ಗೆ ಅಪ್ಪ ಎಷ್ಟು ಹೇಳುತ್ತಿದ್ದರು ಅಂತ ನನ್ನ ಹಳೆಯ ಗೆಳೆಯರಿಗೆ ಗೊತ್ತು. ಅಪ್ಪ ಮಿಲಿಟರಿಯಲ್ಲಿ ಅದೇ ಗನ್ನಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಅದರ ನಳಿಗೆ ಹಿಂದೆಯೂ ತೆರೆದಿರುತ್ತದೆ. ಗುಂಡು ಮುಂದೆ ಹೋದರೆ ಬೆಂಕಿ, ಗಾಳಿ ಹಿಂದಕ್ಕೆ ನುಗ್ಗುತ್ತವೆ. ಗನ್ ಒದೆಯುವುದಿಲ್ಲ, ಅದಕ್ಕೇ ಜೀಪಿನ ಮೇಲೂ ನಿಲ್ಲುತ್ತದೆ. ಆದರೆ ಹಿಂದೆ ಏಳುವ ಬೆಂಕಿ, ಧೂಳು ದೂರದವರೆಗೂ ಕಾಣುತ್ತದೆ. ಒಂದು ಗುಂಡು ಹೊಡೆದರೆ, "ನಾನು ಇಲ್ಲಿದ್ದೇನೆ" ಅಂತ ಕೂಗಿ ಹೇಳಿದ ಹಾಗೆ. ಹೊಡೆದ ಕೂಡಲೇ ಅಲ್ಲಿಂದ ಜಾಗ ಬಿಡಬೇಕು. ಜೀಪಿಗೆ ಉಕ್ಕಿನ ಹೊದಿಕೆ ಇಲ್ಲ, ನಮ್ಮ ಟಂಟಂ ಗಾಡಿಗೆ ಎಷ್ಟು ರಕ್ಷಣೆಯೋ ಅಷ್ಟೇ.

ಹಮೀದ್ ಜೀಪನ್ನು ಒಂದು ಪಕ್ಕಕ್ಕೆ ಒಯ್ದರು. ಮುಂದೆ ಬರುತ್ತಿದ್ದ ಟ್ಯಾಂಕನ್ನು ಹೊಡೆದರು. ತಕ್ಷಣ ಜಾಗ ಬದಲಿಸಿದರು. ಎರಡನೆಯದಕ್ಕೆ ಬೆಂಕಿ ಹತ್ತಿತು. ಅಷ್ಟರಲ್ಲಿ ಉಳಿದ ಟ್ಯಾಂಕುಗಳಿಗೆ ಜೀಪ್ ಕಂಡಿತ್ತು. ಮಷಿನ್ ಗನ್, ಶೆಲ್ ಎಲ್ಲ ಅವರ ಮೇಲೆಯೇ ತಿರುಗಿದವು. ಆದರೂ ಮತ್ತೊಂದು ಟ್ಯಾಂಕಿಗೆ ಹೊಡೆಯುತ್ತಲೇ ಇದ್ದರು. ಆಗ ಒಂದು ಶೆಲ್ ಬಂದು ಬಡಿಯಿತು. ವಯಸ್ಸು 32. ಪರಮವೀರ ಚಕ್ರದ ಪ್ರಶಸ್ತಿ ಪತ್ರದಲ್ಲಿ ಇರುವುದು ಇಷ್ಟು. ಅವರು ಹೊಡೆದ ಟ್ಯಾಂಕು ಏಳು ಅನ್ನುವವರಿದ್ದಾರೆ, ಎಂಟು ಅನ್ನುವವರೂ ಇದ್ದಾರೆ. ಎಣಿಕೆಗಾಗಿ ನಾನು ಜಗಳಕ್ಕೆ ಬರುವುದಿಲ್ಲ. ಬಾಂಬ್ ಕಟ್ಟಿಕೊಂಡು ಮಲಗಿದರು ಅಂದರೆ ಮಾತ್ರ ಬರುತ್ತೇನೆ.

ಯಾಕೆ ಅಂದರೆ ಮಲಗುವುದಕ್ಕೆ ಗುರಿ ಬೇಕಾಗಿಲ್ಲ, ಅಭ್ಯಾಸ ಬೇಕಾಗಿಲ್ಲ. ಮೊದಲ ಟ್ಯಾಂಕ್ ಹೊಡೆದ ಮೇಲೆ ತಲೆ ತಣ್ಣಗಿಟ್ಟುಕೊಂಡು ಜಾಗ ಬದಲಿಸಿ ಮತ್ತೆ ಗುರಿ ಇಡುವುದಕ್ಕೆ ಅದೆಲ್ಲಾ ಬೇಕು. ಆ ಮನುಷ್ಯ ಸಾಯಲು ಹೊರಟಿರಲಿಲ್ಲ. ಟ್ಯಾಂಕ್ ನಿಲ್ಲಿಸಲು ಹೊರಟಿದ್ದರು. ಬಾಂಬಿನ ಕಥೆ ಕಟ್ಟಿ ನಾವು ಅವರ ಕೆಲಸವನ್ನೇ ಕಸಿದುಕೊಳ್ಳುತ್ತಿದ್ದೇವೆ, ಅಲ್ವಾ?

ಇಷ್ಟು ಸಿಟ್ಟು ಯಾಕೆ ಅಂದರೆ, ಆರನೇ ಕ್ಲಾಸಿನಲ್ಲಿ ಇದೇ ಸುಳ್ಳನ್ನು ನಾನೂ ಹೇಳಿದ್ದೆ. ಸ್ಟೀಲಿನ ಡಬ್ಬಿ ಬಹುಮಾನ ಬಂದಿತ್ತು. ಅಪ್ಪ ಆಗ ರಜೆಗೆ ಬಂದಿದ್ದರು, ಜನರ ಹಿಂದೆ ನಿಂತು ಕೇಳಿದ್ದರು. ಬೈಯಲಿಲ್ಲ. ಸಂಜೆ ಅಂಗಳದಲ್ಲಿ, "ಬಾ ಇಲ್ಲಿ, ಚಕ್ಕಡಿ ಮ್ಯಾಲ ಕೂಡು" ಅಂದರು. ಒನಕೆಯನ್ನು ನನ್ನ ಹೆಗಲ ಮೇಲೆ ಇಟ್ಟರು. ತಾವು ಹಗೇವಿನ ಕಡೆ ಹೋಗಿ ನಿಂತು ಟ್ಯಾಂಕ್ ಆದರು. ನಾನು ಬಾಯಲ್ಲಿ "ಢಂ" ಅಂದೆ. "ಈಗ ನೀ ನನಗ ಕಂಡಿ. ಎಲ್ಲಿ ಹೋಗ್ತಿ?" ಅಂತ ಕೇಳಿದರು. ಚಕ್ಕಡಿಗೆ ಎತ್ತು ಹೂಡಿರಲಿಲ್ಲ. ಎಲ್ಲಿಗೂ ಹೋಗಲು ಆಗಲಿಲ್ಲ. ಆ ಡಬ್ಬಿಯಲ್ಲಿ ಅವ್ವ ಈಗಲೂ ಶೇಂಗಾ ಹಿಂಡಿ ಇಡುತ್ತಾಳೆ. ಅಪ್ಪ ಹೋಗಿ ಆರು ವರ್ಷ ಆಯಿತು. ಆ ಡಬ್ಬಿ ನೋಡಿದಾಗ ಇವತ್ತಿಗೂ ನನಗೆ ಒಂಥರಾ ಆಗುತ್ತದೆ.

ಮಕ್ಕಳಿಗೆ ಇದೆಲ್ಲ ತಿಳಿಯುವುದಿಲ್ಲ ಅನ್ನುತ್ತಾರೆ. ಯಾಕೆ ತಿಳಿಯುವುದಿಲ್ಲ? ಅಲ್ಲಿ ನಮ್ಮವರು ಕಾಲುವೆ ಒಡೆದು ಹೊಲಗಳಿಗೆ ನೀರು ಬಿಟ್ಟಿದ್ದರು, ಪ್ಯಾಟನ್‌ಗಳು ಕೆಸರಲ್ಲಿ ಹೂತುಹೋದವು. ಮಳೆಗಾಲದಲ್ಲಿ ಎರೆ ಹೊಲಕ್ಕೆ ಟ್ರ್ಯಾಕ್ಟರ್ ಇಳಿಸಿ ಕೂತವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾ? ಆಳೆತ್ತರದ ಕಬ್ಬಿನಲ್ಲಿ ಸೈನಿಕರು ಅಡಗಿದ್ದರು ಅಂದರೆ ಅಫಜಲಪುರ ಕಡೆಯ ಹುಡುಗ ಕಣ್ಣು ಮುಚ್ಚಿ ಚಿತ್ರ ಕಟ್ಟಿಕೊಳ್ಳುತ್ತಾನೆ. ಹಮೀದ್ ಅವರ ತಂದೆ ದರ್ಜಿ. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮೂಪುರ ಅನ್ನುವ ಹಳ್ಳಿ. ಹೊಲಿಗೆ ಮಷಿನ್ ಸದ್ದಿನ ಮನೆಯಿಂದ ಬಂದ ಮಕ್ಕಳು ಆ ಶಾಲೆಯಲ್ಲೇ ಎಷ್ಟು ಜನ ಇಲ್ಲ!

ಇನ್ನೊಂದು ಮಾತು. ಆ ಯುದ್ಧದಲ್ಲಿ ಪರಮವೀರ ಚಕ್ರ ಬಂದದ್ದು ಇಬ್ಬರಿಗೆ. ಇನ್ನೊಬ್ಬರು ಸೆಪ್ಟೆಂಬರ್ 16ರಂದು ಟ್ಯಾಂಕ್ ಪಡೆ ಮುನ್ನಡೆಸುತ್ತಾ ಮಡಿದ ಲೆಫ್ಟಿನೆಂಟ್ ಕರ್ನಲ್ ತಾರಾಪೋರ್. ಅವರು ಸೈನ್ಯದ ಕೆಲಸ ಶುರು ಮಾಡಿದ್ದು ಹೈದರಾಬಾದ್ ಸಂಸ್ಥಾನದ ಕಾಲಾಳು ಪಡೆಯಲ್ಲಿ. ನಮ್ಮ ಕಲಬುರಗಿಯೂ ಇದ್ದದ್ದು ಅದೇ ಸಂಸ್ಥಾನದಲ್ಲಿ. ನಿನ್ನೆ ಅವರ ಹೆಸರನ್ನು ಯಾರೂ ಎತ್ತಲಿಲ್ಲ.

ಮನೆಗೆ ಬಂದು ಅಪ್ಪನ ಹಳೆಯ ಪುಸ್ತಕ ತೆಗೆದೆ. ಅದರೊಳಗೆ 2000ದಲ್ಲಿ ಬಂದ ಹಮೀದ್ ಅವರ ಮೂರು ರೂಪಾಯಿ ಅಂಚೆ ಚೀಟಿ ಇದೆ. ಅದರಲ್ಲಿ ಅವರ ಮುಖ, ಜೊತೆಗೆ ಗನ್ ಹೊತ್ತ ಜೀಪ್. ತಂಗಿ ಮಗಳಿಗೆ ತೋರಿಸಿ ಎಲ್ಲಾ ಹೇಳಿದೆ. ಸುಮ್ನೆ ಕೇಳಿದಳು. ಆಮೇಲೆ, "ಮೂರನೇ ಸಲ ಯಾಕ ಜಾಗ ಬದಲ್ ಮಾಡ್ಲಿಲ್ಲ ಮಾಮಾ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. 1966ರ ಗಣರಾಜ್ಯ ದಿನ ಆ ಪದಕವನ್ನು ಅವರ ಹೆಂಡತಿ ರಸೂಲನ್ ಬೀಬಿ ಕೈಗೆ ಕೊಟ್ಟರು ಅಂತ ಮಾತ್ರ ಹೇಳಿದೆ. ಚೀಟಿಯನ್ನು ಬಹಳ ಹೊತ್ತು ಹಿಡಿದುಕೊಂಡು ಕೂತಳು.

ಸರ್, ಈ ಬರಹ ನಿಮ್ಮ ಕಣ್ಣಿಗೆ ಬಿದ್ದರೆ ಒಂದು ಕೇಳಿಕೆ. ಆ ಹುಡುಗನ ಗಂಟಲು ಬಹಳ ಚೆನ್ನಾಗಿದೆ. ಜನವರಿ 26ಕ್ಕೆ ಅವನಿಗೇ ಮತ್ತೊಮ್ಮೆ ಅವಕಾಶ ಕೊಡಿ. ಭಾಷಣ ನಾನು ಬರೆದುಕೊಡುತ್ತೇನೆ. ನಮ್ಮ ಚಕ್ಕಡಿ ಊರಲ್ಲಿ ಹಾಗೇ ಇದೆ, ಶಾಲೆ ಅಂಗಳಕ್ಕೆ ತರಿಸುತ್ತೇನೆ.