ಎರಡು ಹೆತ್ತ ಮೈಗೆ ಒಂದು ಗಂಟೆ

ಕಳೆದ ಬೇಸಿಗೆಯಲ್ಲಿ ಹಾಸನಕ್ಕೆ ಬಂದಿದ್ದಾಗ ಬಂಧುಗಳೊಬ್ಬರ ಗೃಹಪ್ರವೇಶದ ಪಂಕ್ತಿಯಲ್ಲಿ ಕುಳಿತಿದ್ದೆ. ಹೋಳಿಗೆ ಬಡಿಸುತ್ತ ಬಂದ ದೂರದ ಸಂಬಂಧದ ಅತ್ತೆಯೊಬ್ಬರು ನನ್ನೆದುರು ನಿಂತು, ಅಕ್ಕಪಕ್ಕದ ನಾಲ್ಕು ಎಲೆಗಳಿಗೂ ಕೇಳಿಸುವಂತೆ, “ಚಿಕ್ಕದಕ್ಕೆ ಎರಡು ವರ್ಷ ಆಯ್ತಲ್ಲೇ, ಇನ್ನೂ ಹೊಟ್ಟೆ ಇಳಿದಿಲ್ವಾ? ಹಸೀ ಬಾಣಂತಿ ಥರ ಕಾಣ್ತೀಯ” ಎಂದರು. ನಾನು ಉತ್ತರ ಹುಡುಕುವಷ್ಟರಲ್ಲಿ ಎರಡನೆಯ ಹೋಳಿಗೆಯೂ ಅದರ ಮೇಲೆ ಒಂದು ಮಿಳ್ಳೆ ತುಪ್ಪವೂ ನನ್ನ ಎಲೆಗೆ ಬಿದ್ದಾಗಿತ್ತು. ಬೇಡವೆಂದು ಕೈ ಅಡ್ಡ ಹಿಡಿದದ್ದಕ್ಕೆ, ಪರದೇಶಕ್ಕೆ ಹೋದವರಿಗೆಲ್ಲ ಜಂಬ ಜಾಸ್ತಿ ಎಂಬ ಮಾತನ್ನೂ ಕೇಳಬೇಕಾಯಿತು.

ನನ್ನ ಎರಡು ಮಕ್ಕಳೂ ಹುಟ್ಟಿದ್ದು ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ. ಆಸ್ಪತ್ರೆಯ ವೈದ್ಯರಾಗಲಿ, ನೆರೆಮನೆಯ ಅಜ್ಜಿಯಾಗಲಿ, ಮಕ್ಕಳ ಶಿಶುವಿಹಾರದ ಬಾಗಿಲಲ್ಲಿ ದಿನವೂ ಸಿಗುವ ತಾಯಂದಿರಾಗಲಿ ಈವರೆಗೆ ಒಮ್ಮೆಯೂ ನನ್ನ ಹೊಟ್ಟೆಯ ಬಗ್ಗೆ ಆಡಿದವರಲ್ಲ. ಇದನ್ನು ಅವರ ಸಭ್ಯತೆ ಎಂದಷ್ಟೇ ಹೊಗಳಿ ಬಿಟ್ಟರೆ ಸಾಲದು, ಏಕೆಂದರೆ ಸುಮ್ಮನಿರುವುದರ ಜೊತೆಗೆ ಅವರು ಇನ್ನೊಂದು ಕೆಲಸವನ್ನೂ ಮಾಡಿದ್ದಾರೆ. ಹೆತ್ತವಳ ದೇಹ ಮತ್ತೆ ಗಟ್ಟಿಯಾಗುವುದಕ್ಕೆ ಬೇಕಾದ ಸಮಯವನ್ನು ಅವಳ ಹಕ್ಕಿನ ಲೆಕ್ಕದಲ್ಲಿ ಬರೆದಿಟ್ಟಿದ್ದಾರೆ. ನಮ್ಮಲ್ಲಿ ಮಾತಿಗೆ ಬರವಿಲ್ಲ, ಆದರೆ ಆ ಒಂದು ಗಂಟೆಯನ್ನು ಕೊಡುವವರು ಮಾತ್ರ ಯಾರೂ ಇಲ್ಲ.

ಅಲ್ಲಿ ಹೆರಿಗೆಯಾಗಿ ಮನೆಗೆ ಬಂದ ತಾಯಿಯನ್ನು ನೋಡಲು ಸೂಲಗಿತ್ತಿ ಮನೆಗೇ ಬರುತ್ತಾಳೆ. ಅವಳು ಮೊದಲ ಹತ್ತು ದಿನ ದಿನವೂ ಬರಬಹುದು, ಆಮೇಲೆ ಹನ್ನೆರಡು ವಾರಗಳವರೆಗೆ ಅಗತ್ಯ ಕಂಡಾಗ ಬರುತ್ತಾಳೆ, ಮತ್ತು ಖರ್ಚೆಲ್ಲ ಆರೋಗ್ಯ ವಿಮೆಯದು. ನಮ್ಮ ಮನೆಗೆ ಬರುತ್ತಿದ್ದಾಕೆ ತಂದ ತೂಕದ ತೊಟ್ಟಿಲು ಮಗುವಿಗಾಗಿ ಮಾತ್ರ ಇತ್ತು. ನನ್ನನ್ನು ಆಕೆ ಕೇಳುತ್ತಿದ್ದುದು ನಿದ್ರೆಯ ಬಗ್ಗೆ, ಅಳು ಬರುತ್ತದೆಯೇ ಎಂಬುದರ ಬಗ್ಗೆ, ಮತ್ತು ಸೀನಿದಾಗ ಮೂತ್ರ ತೊಟ್ಟಿಕ್ಕುತ್ತದೆಯೇ ಎಂಬುದರ ಬಗ್ಗೆ. ಈ ಕೊನೆಯ ಪ್ರಶ್ನೆಯನ್ನು ಊರಿನಲ್ಲಿ ಯಾರೂ ಯಾರಿಗೂ ಕೇಳಿದ್ದನ್ನು ನಾನು ಕಂಡಿಲ್ಲ. ಕೆಮ್ಮಿದರೆ ಸೀರೆ ಒದ್ದೆಯಾಗುತ್ತದೆಂಬ ಕಾರಣಕ್ಕೆ ಬಿರುಸಾಗಿ ನಡೆಯುವುದನ್ನೇ ಬಿಟ್ಟು, ಹಾಗೆ ಬಿಟ್ಟದ್ದಕ್ಕೆ ಇನ್ನಷ್ಟು ದಪ್ಪವಾಗಿ, ಆ ದಪ್ಪಕ್ಕೆ ಬೈಸಿಕೊಂಡು ಬದುಕಿದ ಹೆಂಗಸರು ನನ್ನ ಹಿಂದಿನ ತಲೆಮಾರಿನಲ್ಲಿ ಎಷ್ಟು ಮಂದಿಯೋ.

ಆರೆಂಟು ವಾರಗಳ ನಂತರ ರ‍್ಯೂಕ್‌ಬಿಲ್ಡುಂಗ್ ಎಂಬ, ಹೆತ್ತ ಮೈಯನ್ನು ಮತ್ತೆ ಗಟ್ಟಿಮಾಡುವ ವ್ಯಾಯಾಮದ ತರಗತಿ ಶುರುವಾಗುತ್ತದೆ. ಹತ್ತು ಗಂಟೆಗಳ ಈ ಪಾಠವನ್ನು ಸೂಲಗಿತ್ತಿಯೇ ನಡೆಸುತ್ತಾಳೆ. ಸರ್ಕಾರಿ ವಿಮೆ ಇದ್ದವರು ಮಗುವಿಗೆ ಒಂಬತ್ತು ತಿಂಗಳು ತುಂಬುವುದರೊಳಗೆ ಮುಗಿಸಿಕೊಂಡರೆ ಕೈಯಿಂದ ಹಣ ಕೊಡಬೇಕಿಲ್ಲ. ಚಾಪೆಗಳ ಮೇಲೆ ತಾಯಂದಿರು ಮಲಗಿರುತ್ತಾರೆ, ನಡುವೆ ಶಿಶುಗಳು. ಯಾವ ಮಗು ಅತ್ತರೂ ಅದರ ತಾಯಿ ಎದ್ದು ಹಾಲು ಕುಡಿಸುತ್ತಾಳೆ, ಪಾಠ ನಿಲ್ಲುವುದಿಲ್ಲ. ಮೊದಲ ದಿನ ಅಂಗಾತ ಮಲಗಿಸಿ, ತಲೆ ಸ್ವಲ್ಪ ಎತ್ತಿಸಿ, ಹೊಕ್ಕುಳ ಮೇಲೆ ಬೆರಳಿಟ್ಟು ಹೊಟ್ಟೆಯ ಎರಡು ಪಕ್ಕದ ಸ್ನಾಯುಗಳ ನಡುವೆ ಎಷ್ಟು ಅಂತರ ಉಳಿದಿದೆ ಎಂದು ನೋಡಿದರು. ಎಷ್ಟೋ ಹೆಂಗಸರ ಮುಂದೆ ಬಂದ ಹೊಟ್ಟೆಗೆ ಕೊಬ್ಬಿನ ಜೊತೆಗೆ ಈ ಬಿಟ್ಟುಕೊಂಡ ಅಂತರವೂ ಕಾರಣವೆಂದು ನನಗೆ ತಿಳಿದದ್ದು ಆಗ. ಅಂತರ ಕೂಡುವ ಮೊದಲೇ ಹೊಟ್ಟೆ ಕರಗಿಸುವ ಹುಮ್ಮಸ್ಸಿನಲ್ಲಿ ಮಲಗಿ ಏಳುವ ಕಸರತ್ತು ಹಿಡಿಯಬೇಡಿ, ಓಡುವ ಆತುರವೂ ಬೇಡ ಎಂದು ಕಟ್ಟುನಿಟ್ಟಾಗಿ ಹೇಳಿದರು. ಉಸಿರಿನಿಂದ ಆರಂಭಿಸಿ, ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ ತಳದ ಸ್ನಾಯು, ಬೆನ್ನು, ತೊಡೆ ಎಂದು ಹಂತಹಂತವಾಗಿ ಮೇಲಕ್ಕೆ ಬಂದ ಆ ತರಗತಿಯಲ್ಲಿ ತೂಕದ ಪ್ರಸ್ತಾಪ ಒಮ್ಮೆಯೂ ಬರಲಿಲ್ಲ.

ತೂಕ ಮೊದಲಿಗೆ ತಾನಾಗಿಯೇ ಇಳಿಯುತ್ತಿತ್ತು, ಮಗುವಿಗೆ ವರ್ಷ ತುಂಬಿ ಮೊಲೆ ಬಿಡಿಸಿದ ಮೇಲೆ ನಿಂತುಬಿಟ್ಟಿತು. ಇದರಲ್ಲಿ ಯಾವ ರಹಸ್ಯವೂ ಇಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕದಲ್ಲಿ ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ, ಮುಂದಿನ ಆರು ತಿಂಗಳು 520 ಕ್ಯಾಲೊರಿ ಹೆಚ್ಚಿಗೆ ಬೇಕು. ಹಾಲು ನಿಂತ ದಿನ ಆ ಖರ್ಚೂ ನಿಲ್ಲುತ್ತದೆ, ತಟ್ಟೆ ಮಾತ್ರ ಬಾಣಂತಿಯದೇ ಆಗಿ ಮುಂದುವರಿಯುತ್ತದೆ. ಅದರ ಜೊತೆಗೆ, ತೂಕ ಇಳಿದ ಮೈಗೆ ದಿನದ ಖರ್ಚು ಕಡಿಮೆ, ಹಸಿವು ಹೆಚ್ಚು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿದ್ದ ಕೆವಿನ್ ಹಾಲ್ ಮತ್ತು ಸಂಗಡಿಗರು 2016ರಲ್ಲಿ ಹಾಕಿದ ಅಂದಾಜಿನಂತೆ, ಇಳಿದ ಪ್ರತಿ ಕಿಲೋಗೆ ದೇಹದ ಖರ್ಚು ದಿನಕ್ಕೆ 20ರಿಂದ 30 ಕ್ಯಾಲೊರಿಯಷ್ಟು ತಗ್ಗಿದರೆ, ಹಸಿವು ಸುಮಾರು 100 ಕ್ಯಾಲೊರಿಯಷ್ಟು ಏರುತ್ತದೆ. ಆರು ಕಿಲೋ ಇಳಿಸಿದವಳಿಗೆ ಮೊದಲಿಗಿಂತ 600 ಕ್ಯಾಲೊರಿಯಷ್ಟು ಹೆಚ್ಚು ಹಸಿವಾಗುತ್ತದೆ ಎಂದರೆ, ಅವಳ ಎದುರಿಗಿರುವುದು ಬಾಯಿಚಪಲವಲ್ಲ, ದೇಹದ ಹಟ.

ಆ ಹಟಕ್ಕೆ ಊರಿನಿಂದ ಬರುವ ಔಷಧಗಳನ್ನು ನೋಡಬೇಕು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಜೀರಿಗೆ ನೀರು, ರಾತ್ರಿ ಅನ್ನ ಬಿಟ್ಟು ಚಪಾತಿ, ವಾರಕ್ಕೊಮ್ಮೆ ಹುರುಳಿಕಟ್ಟು, ಏನೂ ಆಗದಿದ್ದರೆ ಸಂಕಷ್ಟಿಯ ಜೊತೆಗೆ ಇನ್ನೊಂದು ಉಪವಾಸ. ವಾಟ್ಸಪ್ಪಿನಲ್ಲಿ ಇವುಗಳ ಸರಬರಾಜಿಗೆ ಕೊರತೆಯಿಲ್ಲ. ಅನ್ನ ಬಿಟ್ಟು ಹಿಡಿದ ಆ ನಾಲ್ಕು ಚಪಾತಿಗಳ ಲೆಕ್ಕ ಕೇಳುವವರಿಲ್ಲ, ಮಕ್ಕಳು ಬಿಟ್ಟ ತಟ್ಟೆಯ ಲೆಕ್ಕವಂತೂ ನಮ್ಮ ಯಾವ ಪಥ್ಯದಲ್ಲಿಯೂ ಇಲ್ಲ. ದೊಡ್ಡವನು ಬಿಟ್ಟ ಅರ್ಧ ದೋಸೆ, ಚಿಕ್ಕವಳು ಉಗುಳಿದ್ದೊಂದನ್ನು ಬಿಟ್ಟು ಮಿಕ್ಕ ತುಪ್ಪದನ್ನ, ಕಲಸಿಟ್ಟು ಬೇಡವಾದ ಮೊಸರನ್ನ, ಇವೆಲ್ಲ ಅನ್ನಪೂರ್ಣೇಶ್ವರಿಯ ಹೆಸರಿನಲ್ಲಿ ತಾಯಿಯ ಹೊಟ್ಟೆಗೇ ಸೇರಬೇಕು. ನನ್ನಮ್ಮ ಫೋನಿನಲ್ಲಿ ತೂಕ ಎಷ್ಟಾಯಿತೆಂದು ವಿಚಾರಿಸಿದ ಮರುಗಳಿಗೆಯೇ, ಮಗು ತಿಂದು ಬಿಟ್ಟದ್ದನ್ನು ಚೆಲ್ಲಬೇಡವೆಂದು ಎಚ್ಚರಿಸುತ್ತಾರೆ. ಜರ್ಮನ್ ತಾಯಂದಿರು ಉಳಿದದ್ದನ್ನು ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟು, ಅದೇ ಮಗುವಿಗೆ ಮತ್ತೆ ಕೊಡುತ್ತಾರೆ, ಮುಲಾಜಿಲ್ಲ. ತಂಗಳು ಎಂದರೆ ಮೂಗು ಮುರಿಯುವ ನಮಗೆ ಇದು ಸುಲಭವಲ್ಲ.

ಆದರೆ ನಿಂತ ತೂಕ ನಿಜವಾಗಿ ಕದಲುವುದಕ್ಕೆ ಬೇಕಾದದ್ದು ಸಮಯ, ಮತ್ತು ಅಲ್ಲಿಗೂ ಇಲ್ಲಿಗೂ ಇರುವ ದೂರ ನನಗೆ ಕಾಣುವುದು ಅದರಲ್ಲಿಯೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೆರಿಗೆಯಾದ ಹೆಂಗಸರಿಗೂ ವಾರಕ್ಕೆ ಕನಿಷ್ಠ 150 ನಿಮಿಷದ ಚಟುವಟಿಕೆ ಬೇಕೆನ್ನುತ್ತದೆ, ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮವೂ ಅದರಲ್ಲಿ ಸೇರಬೇಕೆನ್ನುತ್ತದೆ. ನನ್ನ ಬಡಾವಣೆಯ ಕ್ರೀಡಾ ಸಂಘದಲ್ಲಿ ಅಲ್ಪ ಶುಲ್ಕಕ್ಕೆ ಭಾರ ಎತ್ತುವ ತರಗತಿ ಇದೆ, ಅಲ್ಲಿ ನನ್ನ ಪಕ್ಕದಲ್ಲಿ ಅರವತ್ತು ದಾಟಿದ ಹೆಂಗಸರೂ ಎತ್ತುತ್ತಾರೆ. ಆ ಸಂಜೆಗಳಲ್ಲಿ ನನ್ನವರು ಮಕ್ಕಳಿಗೆ ಊಟ ಮಾಡಿಸುತ್ತಾರೆ, ಅದನ್ನು ಯಾರೂ ದೊಡ್ಡ ಸುದ್ದಿ ಮಾಡುವುದಿಲ್ಲ. ಸ್ಟುಟ್‌ಗಾರ್ಟ್ ಬಟ್ಟಲಿನಂಥ ಕಣಿವೆಯ ಊರು, ದ್ರಾಕ್ಷಿತೋಟಗಳ ನಡುವೆ ಗುಡ್ಡ ಹತ್ತುವ ಮೆಟ್ಟಿಲು ಸಾಲುಗಳೇ ನಾನೂರಕ್ಕೂ ಹೆಚ್ಚಿವೆ, ಶಿಶುವಿಹಾರದಿಂದ ಮನೆಗೆ ಬರುವುದರಲ್ಲಿಯೇ ಮೈ ಬೆವರುತ್ತದೆ. ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ಚಿಕ್ಕಮ್ಮನ ಮಗಳಿಗೆ ಮಗುವಿನ ಗಾಡಿ ತಳ್ಳಿಕೊಂಡು ಹತ್ತು ಹೆಜ್ಜೆ ಹೋಗುವಂಥ ಫುಟ್‌ಪಾತೂ ಇಲ್ಲ. ಜಿಮ್ಮಿಗೆ ಹೋಗಬೇಕೆಂದರೆ ಐದು ಗಂಟೆಗೆ ಎದ್ದು ಎಲ್ಲರ ತಿಂಡಿ ಮುಗಿಸಿ ಹೊರಡಬೇಕು. ಹೊರಟ ದಿನ ಅವಳ ಅತ್ತೆ ಬೈಯುವುದೇನೂ ಇಲ್ಲ, “ಮಗು ಏಳೋ ಹೊತ್ತಿಗೆ ಬಂದುಬಿಡ್ತೀಯಲ್ಲಮ್ಮ?” ಎಂದಷ್ಟೇ ಕೇಳುತ್ತಾರೆ. ಒಂದು ತಿಂಗಳು ಅದನ್ನೇ ಕೇಳಿಸಿಕೊಂಡವಳು ಹೋಗುವುದನ್ನು ನಿಲ್ಲಿಸಿದಳು. ಅವಳ ತೂಕವೂ ನಿಂತಿದೆ, ಅದಕ್ಕೆ ಅವಳ ನಿರ್ಲಕ್ಷ್ಯವೇ ಕಾರಣವೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು!

ಭಾರ ಎತ್ತಲು ತೊಡಗಿದ ಮೇಲೆ ತಕ್ಕಡಿ ಬಹಳ ಕಾಲ ಸುಮ್ಮನೇ ಇತ್ತು, ಸೊಂಟದ ಸುತ್ತಳತೆ ಮಾತ್ರ ಮೊದಲು ಇಳಿಯಿತು. ಅನ್ನ ಬಿಡಲಿಲ್ಲ. ತಟ್ಟೆಯಲ್ಲಿ ಕಾಳುಪಲ್ಯವನ್ನು ಅನ್ನದಷ್ಟೇ ಹಾಕಿಕೊಂಡು, ಮೊಟ್ಟೆ ಸೇರಿಸಿ, ಊಟವನ್ನು ಮಕ್ಕಳ ಜೊತೆಯಲ್ಲಿ ಆರೂವರೆಗೇ ಮುಗಿಸುವುದಾಯಿತು. ಚಿಕ್ಕವಳು ರಾತ್ರಿ ಇಡೀ ಮಲಗಲು ಕಲಿತದ್ದು ಇವೆಲ್ಲಕ್ಕಿಂತ ದೊಡ್ಡ ಉಪಕಾರವೆಂದು ನನ್ನ ಗುಮಾನಿ. ಆಮೇಲೆ ತಕ್ಕಡಿಯೂ ನಿಧಾನವಾಗಿ ಒಪ್ಪಿಕೊಂಡಿತು.

ಇಷ್ಟು ಹೇಳಿದ ಮೇಲೆ ಮನಸ್ಸಿಲ್ಲದಿದ್ದರೂ ಬರೆಯಬೇಕಾದದ್ದೊಂದಿದೆ. ಹೊಟ್ಟೆಯ ಸುತ್ತ ಸೇರಿದ ತೂಕದ ಬಗ್ಗೆ ಗೃಹಪ್ರವೇಶಕ್ಕೆ ಮುಂಚೆಯೇ ಸ್ಟುಟ್‌ಗಾರ್ಟಿನ ವೈದ್ಯರೊಬ್ಬರನ್ನು ನಾನಾಗಿಯೇ ಕೇಳಿದ್ದೆ. ಅವರು ಎತ್ತರ ತೂಕ ಲೆಕ್ಕ ಹಾಕಿ, ದೇಹತೂಕ ಸೂಚ್ಯಂಕ (ಬಿಎಂಐ) 24, ಅಂದರೆ 25ರ ಒಳಗೆ ಇದೆ, ಯಾವ ಚಿಂತೆಯೂ ಬೇಡವೆಂದು ನಗುತ್ತ ಕಳಿಸಿದ್ದರು. ಭಾರತದ ವೈದ್ಯರು ನಮ್ಮವರಿಗೆ ಎಚ್ಚರಿಕೆಯ ಗೆರೆಯನ್ನು 23ಕ್ಕೇ ಎಳೆಯುತ್ತಾರೆ, ಏಕೆಂದರೆ ಕೈಕಾಲು ಸಣ್ಣಗಿದ್ದು ಹೊಟ್ಟೆಯಲ್ಲಿ ಕೊಬ್ಬು ಸೇರುವ ನಮ್ಮ ಮೈಕಟ್ಟಿಗೆ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲಿಯೇ ಬರುತ್ತದೆ. ಪುಣೆಯ ಮಧುಮೇಹ ಸಂಶೋಧಕ ಚಿತ್ತರಂಜನ್ ಯಾಜ್ಞಿಕ್ ಅವರು ದಶಕಗಳಿಂದ ಹೇಳುತ್ತ ಬಂದಿರುವುದು ಇದನ್ನೇ. ಅತ್ತೆಯ ಮಾತಿನ ಉರಿ ಆರದೆ, ಊರು ಬಿಡುವ ಮುನ್ನ ಹಾಸನದ ಲ್ಯಾಬೊಂದರಲ್ಲಿ ರಕ್ತ ಕೊಟ್ಟು ಬಂದೆ. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) ಶೇಕಡಾ 5.9 ಇತ್ತು. 5.7 ದಾಟಿದರೆ ಕಾಯಿಲೆಯ ಹೊಸ್ತಿಲು. ಕ್ರೀಡಾ ಸಂಘಕ್ಕೆ ಹೆಸರು ಬರೆಸಿದ್ದು ಆ ಕಾಗದ ನೋಡಿದ ಮೇಲೆಯೇ. ಜರ್ಮನಿಯ ಸಭ್ಯ ಮೌನದಲ್ಲಿ ಇದು ಇನ್ನೂ ಕೆಲವು ವರ್ಷ ಯಾರಿಗೂ ಕಾಣದೆ ಬೆಳೆಯಬಹುದಿತ್ತು.

ಬಾಣಂತನದ ಬಗ್ಗೆಯೂ ಅಷ್ಟೇ. ಎರಡನೆಯ ಹೆರಿಗೆಗೆ ವೀಸಾ ಸಿಕ್ಕಿ ಅಮ್ಮ ಬಂದು ಮೂರು ತಿಂಗಳು ಇದ್ದರು. ನೀರು ಹಾಕಿ, ಸಾಂಬ್ರಾಣಿ ಹಿಡಿದು, ಮೆಣಸಿನ ಸಾರು ಅನ್ನ ಕೊಟ್ಟು, ಮಗುವನ್ನು ಎತ್ತಿಕೊಂಡು ಹೋಗಿ ನನ್ನನ್ನು ಮಲಗಿಸುತ್ತಿದ್ದರು. ತರಗತಿಯಲ್ಲಿ ನನ್ನ ಪಕ್ಕದ ಚಾಪೆಯ ಜರ್ಮನ್ ಹುಡುಗಿಗೆ ಗಂಡ ಕೆಲಸಕ್ಕೆ ಹೋದ ಮೇಲೆ ಸಂಜೆಯವರೆಗೆ ಒಂದು ನರಪಿಳ್ಳೆಯ ಸಹಾಯವೂ ಇರಲಿಲ್ಲ. ಬಿಸ್ಕತ್ತು ತಿಂದು ದಿನ ಕಳೆಯುತ್ತೇನೆಂದು ಅವಳು ಒಮ್ಮೆ ಹೇಳಿದಳು. ಅಂಟಿನುಂಡೆಯ ಡಬ್ಬಿಯನ್ನು ಅವಳಿಗೂ ಒಯ್ದು ಕೊಟ್ಟಾಗ, ಅದರಲ್ಲಿ ಎಷ್ಟು ಕ್ಯಾಲೊರಿ ಇದೆಯೆಂದು ಅವಳು ಕೇಳಲಿಲ್ಲ, ನಿನ್ನಮ್ಮ ಇನ್ನೂ ಎಷ್ಟು ದಿನ ಇರುತ್ತಾರೆ ಎಂದು ಕೇಳಿದಳು.

ಹಾಗಿದ್ದರೂ ನನ್ನ ತಕರಾರು ತಕರಾರೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಹತ್ತಕ್ಕೆ ಮೂವರ ತೂಕ ಮಿತಿ ಮೀರಿದೆ, ಅದೂ 25ರ ಗೆರೆಯಲ್ಲಿ ಅಳೆದಾಗ. 2017ರಿಂದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೆ ಬಂದು ಬಿಸಿಯೂಟ ಮಾಡುತ್ತಾರೆ, ಮಗುವಿಗೆ ಆರು ತಿಂಗಳಾಗುವವರೆಗೂ. ಊಟಕ್ಕೆ ಕೂಡುವ ಅದೇ ಕೋಣೆಯಲ್ಲಿ ವಾರಕ್ಕೊಮ್ಮೆ ಒಂದು ಗಂಟೆ ಚಾಪೆ ಹಾಸಿ, ತರಬೇತಿ ಪಡೆದ ನರ್ಸೊಬ್ಬರು ಬಂದು ಹೊಟ್ಟೆಯ ಅಂತರ ನೋಡಿ, ತಳದ ಸ್ನಾಯು ಬಿಗಿಹಿಡಿಯುವುದನ್ನು ಹೇಳಿಕೊಟ್ಟು, ವರ್ಷಕ್ಕೊಮ್ಮೆ ಸಕ್ಕರೆಯ ಪರೀಕ್ಷೆ ಬರೆದುಕೊಟ್ಟರೆ, ಅದಕ್ಕೆ ಹೊಸ ಕಟ್ಟಡವೂ ಬೇಕಿಲ್ಲ, ಜರ್ಮನಿಯ ವಿಮೆಯೂ ಬೇಕಿಲ್ಲ. ಸರ್ಕಾರದ ಮಾತು ಹಾಗಿರಲಿ, ಮನೆಯವರು ಆ ಗಂಟೆಗೆ ಮಗುವನ್ನು ಎತ್ತಿಕೊಂಡು, ಎಷ್ಟು ಹೊತ್ತಿಗೆ ಬರುತ್ತೀಯ ಎಂದು ಕೇಳದೆ ಇದ್ದರೆ ನನ್ನ ಚಿಕ್ಕಮ್ಮನ ಮಗಳು ನಾಳೆಯೇ ಜಿಮ್ಮಿಗೆ ಹೊರಡುತ್ತಾಳೆ. ಆರು ತಿಂಗಳ ಹಣ ಕಟ್ಟಿದ್ದಾಳೆ, ಅವಧಿ ಇನ್ನೂ ಮುಗಿದಿಲ್ಲ.